ಹದಿನೈದು ಗಂಡು, ಹನ್ನೊಂದು ಹೆಣ್ಣು

ಜನವರಿಯ ಎರಡನೇ ವಾರ. ಬೆಳಿಗ್ಗೆ ಆರೂವರೆ. ಪುಣೆಯ ಧಾಯರಿಯಲ್ಲಿ ಆ ಹೊತ್ತಿಗೆ ಇನ್ನೂ ಮಬ್ಬುಗತ್ತಲು, ಸಿಂಹಗಡದ ಕಡೆಯಿಂದ ಬರುವ ಗಾಳಿಗೆ ಬೆರಳು ಮರಗಟ್ಟುತ್ತವೆ. ಲಾವಕ್ಕಿಗಳಿಗೆ ನೀರು ಬದಲಿಸೋಣ ಅಂತ ಹಿತ್ತಲ ಬಾಗಿಲು ತೆಗೆದೆ. ನೀರಿನ ಬಟ್ಟಲಿನ ಅಂಚಿಗೆ ಕಂದು ಬಣ್ಣದ ಕಲೆ ಅಂಟಿತ್ತು. ತುಕ್ಕು ಅಂದುಕೊಂಡೆ. ಪ್ಲಾಸ್ಟಿಕ್ ಬಟ್ಟಲಿಗೆ ತುಕ್ಕು ಎಲ್ಲಿಂದ ಬರಬೇಕು ಅಂತ ಹೊಳೆದಾಗ ಎದೆ ಧಸಕ್ಕೆಂದಿತು.

ಪಂಜರದ ಮೂಲೆಯಲ್ಲಿ ಒಂದು ಹೆಣ್ಣು ಹಲಗೆಗೆ ಮುಖ ಒತ್ತಿಕೊಂಡು ಕೂತಿತ್ತು. ಕೈಗೆತ್ತಿಕೊಂಡೆ. ನೆತ್ತಿಯ ಮೇಲೆ ಒಂದು ಪುಕ್ಕವೂ ಇರಲಿಲ್ಲ. ಪುಕ್ಕ ಹೋದರೆ ಹೋಗಲಿ, ಕಣ್ಣುಗಳ ನಡುವಿನಿಂದ ಕತ್ತಿನವರೆಗೆ ಚರ್ಮವೇ ಇರಲಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಜಾಗ, ಹಸಿ ಕೆಂಪು. ಅಂಗೈಯಲ್ಲಿ ಅದರ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಅಂದರೆ ಬಡಿತ ಎಣಿಸೋಕೆ ಆಗುತ್ತಿರಲಿಲ್ಲ, ಬರೀ ನಡುಕದ ಹಾಗೆ ಗೊತ್ತಾಗುತ್ತಿತ್ತು. ಅದು ಕೂತಿದ್ದ ಜಾಗದ ಹಿಂದೆಯೇ ಒಂದು ಗಂಡು ಕತ್ತು ಚಾಚಿ ನಿಂತಿತ್ತು. ಬಲಗಾಲಲ್ಲಿ ನೀಲಿ ಉಂಗುರ. ನಾನು ಕೈ ಹಾಕಿದರೂ ಅದು ಹಿಂದೆ ಸರಿಯಲಿಲ್ಲ.

ಆ ಗಂಡಿನ ಬಗ್ಗೆ, ಅದರ ಜೊತೆಗಿದ್ದ ಇನ್ನೂ 14 ಗಂಡುಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಲಾವಕ್ಕಿ ಸಾಕೋದು ಹೇಗೆ, ಮೊಟ್ಟೆ ಎಷ್ಟು ಬರುತ್ತೆ ಅಂತ ಹೇಳೋರು ಬೇಕಾದಷ್ಟು ಜನ ಸಿಗುತ್ತಾರೆ. ಗಂಡು ಜಾಸ್ತಿಯಾದರೆ ಏನು ಮಾಡಬೇಕು ಅಂತ ನನಗೆ ಯಾರೂ ಮುಂಚೆಯೇ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮೂರು ಅಥಣಿ ಕಡೆ. ಅಲ್ಲಿ ಲಾವಕ್ಕಿ ಅಂದರೆ ಜೋಳದ ಹೊಲದಲ್ಲಿ ನಡೆಯುವಾಗ ಕಾಲ ಬುಡದಿಂದ ಭರ್ರ್ ಅಂತ ಎದ್ದು ಹೋಗುವ ಹಕ್ಕಿ. ಕೆಲವರು ಗೌಜಲಕ್ಕಿ ಅಂತಾರೆ. ಇಲ್ಲಿ ಪುಣೆಯಲ್ಲಿ ಮರಾಠಿಯವರಿಗೆ ಲಾವಾ, ಹಿಂದಿಯವರಿಗೆ ಬಟೇರ್. ನಾವು ಸಾಕಿರೋದು ಹೊಲದ್ದಲ್ಲ. ಹೊಲದ್ದನ್ನು ಹಿಡಿಯೋದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಮ್ಮದು ಜಪಾನೀ ಲಾವಕ್ಕಿ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಅಮೆರಿಕದಿಂದ ತರಿಸಿಕೊಂಡ ತಳಿ. ಆಮೇಲೆ ದೇಶದ ತುಂಬ ಹರಡಿತು.

ನಮ್ಮದು ಸಣ್ಣ ರೋ ಹೌಸ್. ಹಿಂದೆ ಹತ್ತಡಿ ಅಗಲದ ಹಿತ್ತಲು, ಒಂದು ಪೇರಲ ಗಿಡ, ಒಂದು ಕರಿಬೇವು, ಅದರ ಪಕ್ಕ ತಗಡಿನ ಚಪ್ಪರ. ಸಾಸವಡ ಕಡೆ ಲಾವಕ್ಕಿ ಸಾಕಿದ ಒಬ್ಬರಿಂದ 40 ಮೊಟ್ಟೆ ತಂದು, ನವೆಂಬರಿನಲ್ಲಿ ಸಣ್ಣ ಇನ್‌ಕ್ಯುಬೇಟರಿನಲ್ಲಿ ಇಟ್ಟೆವು. ಕೋಳಿಗೆ 21 ದಿನ ಬೇಕು, ಇದಕ್ಕೆ 17-18 ದಿನ ಸಾಕು. ಮಗಳು ಕ್ಯಾಲೆಂಡರಿನಲ್ಲಿ ದಿನ ಹೊಡೆಯುತ್ತಾ ಕೂತಿದ್ದಳು. 28 ಮರಿ ಆದವು. ಒಂದೊಂದೂ ಏಳೆಂಟು ಗ್ರಾಂ, ಹೆಬ್ಬೆರಳಿನ ತುದಿಯಷ್ಟು ದೊಡ್ಡದು. ಮೊದಲ ವಾರದಲ್ಲಿ ಎರಡು ಸತ್ತವು. ಉಳಿದದ್ದು 26.

ಮೂರು ವಾರದವರೆಗೆ ಯಾವುದು ಗಂಡು ಯಾವುದು ಹೆಣ್ಣು ಅಂತ ನಮ್ಮಂಥವರ ಕಣ್ಣಿಗೆ ಗೊತ್ತೇ ಆಗಲ್ಲ. ಆಮೇಲೆ ಎದೆಯ ಪುಕ್ಕ ಬಣ್ಣ ತಿರುಗುತ್ತದೆ. ಹೆಣ್ಣಿನ ಎದೆ ತಿಳಿ ಕಂದು, ಅದರ ಮೇಲೆ ಮಸಿ ಸಿಡಿಸಿದ ಹಾಗೆ ಕಪ್ಪು ಚುಕ್ಕೆ. ಗಂಡಿನ ಎದೆ ಇಟ್ಟಿಗೆ ಬಣ್ಣ, ಚುಕ್ಕೆ ಇರಲ್ಲ. ದಿನ ಕಳೆದಂತೆ ಹೆಣ್ಣು ದಪ್ಪವಾಗುತ್ತದೆ, ಗಂಡು ಸಣ್ಣಗೇ ಉಳಿಯುತ್ತದೆ. ಕೋಳಿ ನೋಡಿ ಅಭ್ಯಾಸ ಇದ್ದವರಿಗೆ ಇದು ಉಲ್ಟಾ ಅನಿಸುತ್ತದೆ. ಆರು ವಾರದ ಹೊತ್ತಿಗೆ ಇನ್ನೊಂದು ಗುರುತು ಸಿಗುತ್ತದೆ. ಗಂಡಿನ ಬಾಲದ ಕೆಳಗೆ ಕಡಲೆಕಾಳಿನಷ್ಟು ಕೆಂಪು ಗಂಟು. ಮೆಲ್ಲಗೆ ಒತ್ತಿದರೆ ಬಿಳೀ ನೊರೆ ಬರುತ್ತದೆ, ಗಡ್ಡದ ಸೋಪಿನ ನೊರೆ ಹಾಗೆ. ನೊರೆ ಬಂತು ಅಂದರೆ ಗಂಡು ಬೆದೆಗೆ ಬಂದಿದೆ ಅಂತ.

ನಾನೂ ಮಗಳೂ ಚಾಪೆ ಹಾಸಿ ಕೂತು ಒಂದೊಂದನ್ನೇ ಎತ್ತಿ ಎದೆ ನೋಡಿದೆವು. ಗಂಡು ಸಿಕ್ಕಾಗೆಲ್ಲ ಅವಳು ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿದಳು. ಐದು ಬಣ್ಣ ಇದ್ದವು. ಎಡಗಾಲು, ಬಲಗಾಲು, ಎರಡೂ ಕಾಲು. ಹಾಗೆ ಹದಿನೈದು ಗುರುತು ಆಗುತ್ತವೆ. ಹದಿನೈದೂ ಮುಗಿದವು. "ಅಮ್ಮಾ, ಇನ್ನೊಂದು ಗಂಡು ಬಂದಿದ್ರೆ ಉಂಗುರವೇ ಇರ್ತಿರ್ಲಿಲ್ಲ" ಅಂದಳು. ಆಗ ನಕ್ಕೆ. 15 ಗಂಡು, 11 ಹೆಣ್ಣು ಅನ್ನೋ ಲೆಕ್ಕ ಎಷ್ಟು ಭಾರದ್ದು ಅಂತ ಆಗ ಹೊಳೆಯಲಿಲ್ಲ.

ಲೆಕ್ಕ ಇಷ್ಟೇ. ಮರಿ ಬೇಕು ಅಂದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಅಂತ ಫಾರಂನವರು ಇಡುತ್ತಾರೆ. ಮನೆಯಲ್ಲಿ ಹೆಣ್ಣುಗಳು ನೆಮ್ಮದಿಯಾಗಿರಲಿ ಅನ್ನೋರು ಒಂದಕ್ಕೆ ನಾಲ್ಕು, ಐದು ಇಡುತ್ತಾರೆ. ಬರೀ ಮೊಟ್ಟೆ ಸಾಕು ಅಂದರೆ ಗಂಡೇ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬಲ್ಲ. ಗಂಡು ಇಲ್ಲದೆಯೂ ಹೆಣ್ಣು ಮೊಟ್ಟೆ ಇಡುತ್ತದೆ, ಆ ಮೊಟ್ಟೆಯಿಂದ ಮರಿ ಆಗಲ್ಲ ಅಷ್ಟೇ. ನಮ್ಮ 11 ಹೆಣ್ಣಿಗೆ ಎರಡು ಗಂಡು ಧಾರಾಳ. ಮೊಟ್ಟೆ ಒಡೆದು ಬರುವ ಮರಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಗಂಡೇ ಇರುತ್ತವೆ. 40 ಮೊಟ್ಟೆ ಇಟ್ಟ ದಿನವೇ ನಾನು ಹತ್ತು ಹನ್ನೆರಡು ಗಂಡುಗಳನ್ನು ಹೆಚ್ಚಿಗೆ ಮಾಡಿ ಇಟ್ಟಿದ್ದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಡ ಅಂತಾರಲ್ಲ, ಲಾವಕ್ಕಿ ವಿಷಯದಲ್ಲಿ ಆ ಕುಲಾವಿಯನ್ನು ಮೊದಲೇ ಹೊಲಿಸಿಟ್ಟುಕೊಳ್ಳಬೇಕು.

ಗಾಯದ ಹೆಣ್ಣಿನ ವಿಷಯಕ್ಕೆ ಬರುತ್ತೇನೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಹತ್ತಿ ಅದ್ದಿ ತೊಳೆದೆ. ಪೊವಿಡೋನ್ ಅಯೋಡಿನ್ ಅನ್ನು ನೀರಿಗೆ ಬೆರೆಸಿ, ಕಣ್ಣಿಗೆ ತಾಗದ ಹಾಗೆ ಹಚ್ಚಿದೆ. ರಟ್ಟಿನ ಪೆಟ್ಟಿಗೆಗೆ ಭತ್ತದ ಹೊಟ್ಟು ಹಾಕಿ ಅಡುಗೆಮನೆಯಲ್ಲಿ ಇಟ್ಟೆ. ಬೇರೆ ಇಡೋದು ಮುಖ್ಯ. ರಕ್ತ ಕಂಡರೆ ಉಳಿದವು ಸುಮ್ಮನಿರಲ್ಲ, ಹೆಣ್ಣುಗಳೂ ಬಂದು ಅದೇ ಜಾಗಕ್ಕೆ ಕುಕ್ಕುತ್ತವೆ. ಆ ದಿನ ಅದು ಏನೂ ತಿನ್ನಲಿಲ್ಲ. ಸಂಜೆ ಬೆರಳ ತುದಿಯಲ್ಲಿ ನೀರು ಹಿಡಿದಾಗ ಕೊಕ್ಕು ಅದ್ದಿತು.

ನೀಲಿ ಬಲವನ್ನು (ಮಗಳ ವಹಿಯಲ್ಲಿ ಅದರ ಹೆಸರು ಅದೇ) ಬೇರೆ ಸಣ್ಣ ಪಂಜರಕ್ಕೆ ಹಾಕಿ ಚಪ್ಪರದ ಇನ್ನೊಂದು ತುದಿಗೆ ಇಟ್ಟೆ. ಸಮಸ್ಯೆ ಮುಗಿಯಿತು ಅಂದುಕೊಂಡೆ. ಮೂರನೇ ದಿನ ಪಕ್ಕದ ಮನೆಯ ವಹಿನಿ ಕಾಂಪೌಂಡ್ ಹತ್ತಿರ ಬಂದು ನಿಂತರು. "ತಾಈ, ತುಮಚಾ ತೋ ಪಕ್ಷೀ ರಾತ್ರಭರ ಓರಡತೋ ಹೋ" ಅಂದರು, ನಿಮ್ಮ ಆ ಹಕ್ಕಿ ರಾತ್ರಿಯೆಲ್ಲ ಕೂಗುತ್ತೆ ಅಂತ. ಬೇಸರದಿಂದಲ್ಲ, ಸಂಕೋಚದಿಂದ. ಅವರ ಮಗ ಆ ವರ್ಷ ಹತ್ತನೇ ಕ್ಲಾಸು. ನನಗೆ ನಾಚಿಕೆಯಾಯಿತು. ರಾತ್ರಿಯೆಲ್ಲ ಕೂಗೋದು ನಮಗೂ ಕೇಳಿಸುತ್ತಿತ್ತು. ಗಂಡು ಲಾವಕ್ಕಿಯ ಕೂಗು ಕೋಳಿಯ ಕೂಗಿನಷ್ಟು ಉದ್ದ ಇರಲ್ಲ. ಎರಡು ಗಿಡ್ಡ ಸ್ವರ, ಆಮೇಲೆ ಗೀರಿದ ಹಾಗೆ ಒಂದು ಉದ್ದ ಸ್ವರ. ಸಣ್ಣ ಹಕ್ಕಿಯಾದರೂ ಗೋಡೆ ದಾಟಿ ಹೋಗುತ್ತದೆ. ಒಂಟಿಯಾಗಿಟ್ಟ ಗಂಡು ಜಾಸ್ತಿ ಕೂಗುತ್ತದೆ, ಜೊತೆಗೆ ಹೆಣ್ಣಿದ್ದರೆ ಕಡಿಮೆ ಮಾಡುತ್ತದೆ. ಆ ಕೂಗೇ ಹೆಣ್ಣನ್ನು ಕರೆಯೋಕೆ ಅಲ್ವಾ. ಒಂಟಿ ಇಟ್ಟು ನಾನೇ ಅದನ್ನು ಕೂಗಿಸಿದ್ದೆ.

ಅತ್ತ ದೊಡ್ಡ ಪಂಜರದಲ್ಲಿ ಜಗಳವೂ ನಿಂತಿರಲಿಲ್ಲ. ಆ ಭಾನುವಾರ ಚಹಾ ಹಿಡಿದುಕೊಂಡು ಪಂಜರದ ಎದುರು ಮಣೆ ಹಾಕಿ ಕೂತೆ. ಏನೂ ಮಾಡದೆ, ಫೋನೂ ಮುಟ್ಟದೆ, ಎರಡು ತಾಸು. ಸಾಕೋಕೆ ಶುರು ಮಾಡಿ ಏಳು ವಾರ ಆಗಿತ್ತು. ದಿನಾ ನೀರು ಹಾಕಿದ್ದೆ, ಕಾಳು ಹಾಕಿದ್ದೆ, ಹಿಕ್ಕೆ ಬಳಿದಿದ್ದೆ. ಹೀಗೆ ಸುಮ್ನೆ ಕೂತು ನೋಡಿರಲಿಲ್ಲ.

ಕೂತ ಮೇಲೆ ಎರಡು ಬೇರೆ ಬೇರೆ ವಿಷಯ ಕಂಡವು. ನಾನು ಅಲ್ಲಿಯವರೆಗೆ ಎರಡನ್ನೂ ಜಗಳ ಅಂತಲೇ ಅಂದುಕೊಂಡಿದ್ದೆ. ಒಂದು, ಕೂಡೋದು. ಗಂಡು ಹಿಂದಿನಿಂದ ಬಂದು ಹೆಣ್ಣಿನ ಕತ್ತಿನ ಪುಕ್ಕ ಹಿಡಿದು ಮೇಲೇರುತ್ತದೆ, ಮೂರು ನಾಲ್ಕು ಸೆಕೆಂಡಿನಲ್ಲಿ ಇಳಿಯುತ್ತದೆ, ಹೆಣ್ಣು ಮೈ ಕೊಡವಿ ಕಾಳಿಗೆ ಹೋಗುತ್ತದೆ. ನೋಡೋಕೆ ಒರಟಾಗಿ ಕಾಣುತ್ತದೆ, ಹೆಣ್ಣಿಗೆ ಏನೂ ಆಗಿರಲ್ಲ. ಆದರೆ ಹತ್ತು ಹೆಣ್ಣಿಗೆ ಹದಿನಾಲ್ಕು ಗಂಡು ಇದನ್ನೇ ದಿನವಿಡೀ ಮಾಡಿದರೆ ಕತ್ತಿನ ಹಿಂದೆ ಪುಕ್ಕ ಉಳಿಯಲ್ಲ. ಎರಡನೆಯದು ಹೊಡೆತ. ಅದರಲ್ಲಿ ಮೇಲೇರೋದು ಇಲ್ಲ. ಓಡಿಸಿಕೊಂಡು ಹೋಗಿ ತಲೆಗೇ ಕುಕ್ಕೋದು. ಬಿಟ್ಟು ಮತ್ತೆ ಅದೇ ಹಕ್ಕಿಯನ್ನು ಹುಡುಕಿ ಹೋಗೋದು. ಹೊಡೆತ ತಿಂದ ಹಕ್ಕಿ ಮೂಲೆಗೆ ಹೋಗಿ ಮುಖ ಅಡಗಿಸಿಕೊಳ್ಳುತ್ತದೆ, ಕಾಳಿನ ಹತ್ತಿರ ಬರೋದೇ ಇಲ್ಲ. ಹೀಗೆ ಹೊಡೆಯುತ್ತಿದ್ದದ್ದು ಹದಿನಾಲ್ಕರಲ್ಲಿ ಎರಡೇ. ಹಳದಿ ಎಡ, ಕೆಂಪು ಜೋಡಿ. ಉಳಿದ ಹನ್ನೆರಡು ಗಂಡುಗಳಲ್ಲಿ ನಾಲ್ಕೈದು ಸ್ವತಃ ಪೆಟ್ಟು ತಿಂದಿದ್ದವು. ಒಂದರ ನೆತ್ತಿ ಬೋಳಾಗಿತ್ತು. ಎಲ್ಲವನ್ನೂ ಸೇರಿಸಿ "ಈ ಗಂಡುಗಳ ಕಾಟ" ಅಂತ ಬೈಯುತ್ತಿದ್ದೆ. ಅದು ತಪ್ಪು.

ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪಂಜರ ಎಷ್ಟು ದೊಡ್ಡದು ಅಂತ ಕೇಳಿದಳು. ನಾಲ್ಕಡಿ ಮೂರಡಿ. 26 ಹಕ್ಕಿಗೆ 12 ಚದರಡಿ, ಒಂದಕ್ಕೆ ಅರ್ಧ ಚದರಡಿಯೂ ಇಲ್ಲ. ರಾತ್ರಿ ಎಲ್ಲಿ ಮಲಗ್ತಾವ ಅಂದಳು. ಅಲ್ಲೇ, ಚಳಿ ಅಂತ ಬಲ್ಬ್ ಹಾಕಿರ್ತೀನಿ ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕೋಳಿ ಗೂಡಿಗೆ ರಾತ್ರಿಯೆಲ್ಲಾ ದೀಪ ಯಾರ ಹಚ್ಚತಾರ ಯವ್ವಾ? ಕತ್ತಲಾದ್ರ ಅವೂ ಮಲಗಬೇಕಲ್ಲ."

ಅವ್ವ ಓದಿದ್ದು ನಾಲ್ಕನೇ ಇಯತ್ತೆ. ಅವಳು ಹೇಳಿದ ಮಾತಿನ ಹಿಂದಿನ ಕಾರಣ ನಾನು ಆಮೇಲೆ ಓದಿ ತಿಳಿದುಕೊಂಡೆ. ಹಗಲು ಉದ್ದ ಆದಾಗ ಬೆದೆಗೆ ಬರುವ ಹಕ್ಕಿಗಳಲ್ಲಿ ಜಪಾನೀ ಲಾವಕ್ಕಿಯಷ್ಟು ಬೇಗ ಬದಲಾಗುವ ಹಕ್ಕಿ ಕಡಿಮೆ. ವಿಜ್ಞಾನಿಗಳು ಈ ವಿಷಯ ತಿಳಿಯೋಕೆ ಇದನ್ನೇ ಸಾಕಿಕೊಂಡು ಹತ್ತಾರು ವರ್ಷ ನೋಡಿದ್ದಾರೆ. ಬೆಳಕು ಗೊತ್ತಾಗೋಕೆ ಅದಕ್ಕೆ ಕಣ್ಣೇ ಬೇಕಂತಿಲ್ಲ. ತಲೆಬುರುಡೆ ದಾಟಿ ಒಳಗೆ ಹೋಗುವ ಬೆಳಕನ್ನು ಮೆದುಳೇ ಗುರುತಿಸುತ್ತದೆ. ದಿನಕ್ಕೆ 14-16 ತಾಸು ಬೆಳಕು ಸಿಕ್ಕರೆ ಹೆಣ್ಣು ಮೊಟ್ಟೆ ಇಡುತ್ತದೆ, ಗಂಡಿನ ಬೀಜ ದಪ್ಪವಾಗುತ್ತದೆ, ಕೂಗು, ಜಗಳ ಎಲ್ಲ ಶುರು. ಎಂಟು ತಾಸಿಗೆ ಇಳಿಸಿದರೆ ಕೆಲವೇ ವಾರದಲ್ಲಿ ಬೀಜ ಕುಗ್ಗುತ್ತದೆ, ಆ ಕೆಂಪು ಗಂಟು ಒಣಗುತ್ತದೆ, ಕೂಗು ನಿಲ್ಲುತ್ತದೆ. ಪುಣೆಯ ಜನವರಿಯಲ್ಲಿ ಹಗಲು ಹನ್ನೊಂದು ತಾಸು. ನನ್ನ 60 ವ್ಯಾಟಿನ ಬಲ್ಬು ಅದನ್ನು ಇಪ್ಪತ್ತನಾಲ್ಕು ತಾಸು ಮಾಡಿತ್ತು. ಪುಕ್ಕ ಬಲಿತ ಆರು ವಾರದ ಹಕ್ಕಿಗೆ ಆ ಶಾಖ ಬೇಕಾಗಿಯೂ ಇರಲಿಲ್ಲ. ಗಾಳಿ ತಡೆಯೋಕೆ ಒಂದು ಗೋಣಿತಾಟು ಕಟ್ಟಿದ್ದರೆ ಸಾಕಿತ್ತು.

ಹೆಣ್ಣಿಗೆ ಬೇಕಾದ ಬೆಳಕೂ ಹೆಚ್ಚಾದ ಗಂಡಿಗೆ ಬೇಕಾದ ಬೆಳಕೂ ಒಂದೇ ಅಲ್ಲ. ಒಂದೇ ಚಪ್ಪರದಲ್ಲಿ ಎರಡೂ ಆಗಲ್ಲ. ಮನೆಯ ಇನ್ನೊಂದು ಪಕ್ಕ, ಮೆಟ್ಟಿಲ ಕೆಳಗೆ ಬೈಕ್ ಕವರು, ಹಳೇ ಬಕೆಟು ತುಂಬಿದ್ದ ಜಾಗ ಇತ್ತು. ಅದನ್ನು ಖಾಲಿ ಮಾಡಿ ಗಂಡುಗಳಿಗೆ ಬೇರೆ ಪಂಜರ ಮಾಡಿಸಿದೆವು. ನಮ್ಮ ಮನೆಯವರು ಒಂದು ರವಿವಾರ ಪೂರ್ತಿ ಜಾಳಿಗೆ ಕತ್ತರಿಸಿದರು. ಎರಡು ಖಾನೆ, ಒಂದೊಂದರಲ್ಲಿ ನಾಲ್ಕು ಹಕ್ಕಿ ಆರಾಮಾಗಿ ಇರಬಹುದು. ಎತ್ತರ ಒಂದಡಿ ಮಾತ್ರ. ಇದು ನೆನಪಿಡಿ. ಹೆದರಿದರೆ ಲಾವಕ್ಕಿ ಓಡಲ್ಲ, ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಮೂರಡಿ ಎತ್ತರದ ಪಂಜರವಾದರೆ ವೇಗ ಸಿಕ್ಕಿ ತಲೆ ಒಡೆದುಕೊಳ್ಳುತ್ತದೆ. ಮೆಟ್ಟಿಲ ಕೆಳಗಿನಿಂದ ಹೆಣ್ಣುಗಳು ಕಾಣಲ್ಲ. ಕಂಡರೆ ಗಂಡುಗಳು ತಮ್ಮತಮ್ಮಲ್ಲೇ ಕಾದಾಡುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಗೋಣಿತಾಟು ಎತ್ತೋದು, ಸಂಜೆ ಐದಕ್ಕೆ ಇಳಿಸೋದು. ಗಾಳಿ ಆಡೋಕೆ ಕೆಳಗೆ ಸಂದು ಬಿಟ್ಟಿರುತ್ತೇವೆ. ಒಳಗೆ ಮಡಕೆ ಚೂರು, ಹಳೇ ಹೆಂಚು ಇಟ್ಟೆ, ಒಂದರ ಕಣ್ಣಿಗೆ ಇನ್ನೊಂದು ಬೀಳದ ಹಾಗೆ. ಅಗಲ ತಟ್ಟೆಯಲ್ಲಿ ಬೂದಿ ಬೆರೆಸಿದ ಮರಳು, ಹೊರಳಾಡೋಕೆ. ಒಂದು ಖಾನೆಗೆ ಹಾಕುವಾಗ ಎಲ್ಲವನ್ನೂ ಒಟ್ಟಿಗೆ, ಕತ್ತಲಾದ ಮೇಲೆ ಹಾಕಬೇಕು. ಮೊದಲು ಬಂದದ್ದು ಜಾಗ ತನ್ನದು ಅಂದುಕೊಂಡರೆ ಆಮೇಲೆ ಬಂದದ್ದಕ್ಕೆ ಉಳಿಗಾಲ ಇಲ್ಲ.

ಮೂರು ವಾರಕ್ಕೆ ಕಡಲೆಕಾಳಿನಷ್ಟಿದ್ದ ಆ ಕೆಂಪು ಗಂಟು ಸಾಸಿವೆಯಷ್ಟಾಯಿತು. ನೊರೆ ನಿಂತಿತು. ರಾತ್ರಿ ಕೂಗು ಅದಕ್ಕೂ ಮುಂಚೆಯೇ ನಿಂತಿತ್ತು. ಪಕ್ಕದ ಮನೆಗೆ ಒಂದು ಡಬ್ಬಿ ಮೊಟ್ಟೆ ಕೊಡೋಕೆ ಹೋದಾಗ ವಹಿನಿಯೇ "ಪಕ್ಷೀ ಗೇಲೇ ಕಾ?" ಅಂತ ಕೇಳಿದರು. ಹೋಗಿಲ್ಲ, ಮಲಗ್ತಿವೆ ಅಂದೆ.

ಹಾಗಂತ ಹದಿನೈದೂ ಆ ಪಂಜರದಲ್ಲಿ ಹಿಡಿಯಲ್ಲ. ಕೊಡಬೇಕು ಅಂತ ಪರಿಚಯದವರಿಗೆಲ್ಲ ಹೇಳಿಟ್ಟೆ. ಆಗ ಬಂದ ಫೋನುಗಳಲ್ಲಿ ಒಂದನ್ನು ಮರೆಯೋಕೆ ಆಗಲ್ಲ. ಯಾರದೋ ಮೂಲಕ ನಂಬರ್ ಸಿಕ್ಕಿತ್ತಂತೆ. ತೂಕ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. "ಲಡ್ತೇ ಹೈ ಕ್ಯಾ?" ಅಂತ ಕೇಳಿದ. ಕಾದಾಡ್ತಾವಾ ಅಂತ. ನೀಲಿ ಬಲ ಕಣ್ಣ ಮುಂದೆ ಬಂತು. ಕೊಡೋಕೆ ಇಲ್ಲ ಅಂತ ಫೋನ್ ಇಟ್ಟೆ. ಕೈ ನಡುಗುತ್ತಿತ್ತು. ಹಕ್ಕಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆದರೂ ಕೇಳೋರು ಇದ್ದಾರೆ.

ಆ ಚಟ ಹಳೆಯದು. 12ನೇ ಶತಮಾನದಲ್ಲಿ ನಮ್ಮ ಕಲ್ಯಾಣದಿಂದ ಆಳಿದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅರಮನೆಯ ವಿನೋದಗಳ ಪಟ್ಟಿ ಇದೆ. ಕೋಳಿ, ಟಗರು, ಕೋಣಗಳ ಜೊತೆ ಲಾವಕ್ಕಿ ಕಾಳಗಕ್ಕೂ ಅಲ್ಲಿ ಜಾಗ ಇದೆ. ಲಖನೌದ ನವಾಬರ ಕಾಲದ ಬಟೇರ್‌ಬಾಜಿ ಅಂತೂ ಹೆಸರುವಾಸಿ. ಜಪಾನಿನಲ್ಲಿ ಇದೇ ಹಕ್ಕಿಯ ಗಂಡನ್ನು ಶತಮಾನಗಳ ಕಾಲ ಸಾಕಿದ್ದು ಅದರ ಕೂಗಿಗಾಗಿ. ಯಾರ ಹಕ್ಕಿ ಚೆನ್ನಾಗಿ ಕೂಗುತ್ತೆ ಅಂತ ಪಂದ್ಯ ನಡೆಯುತ್ತಿತ್ತು. ನಾನು ಗೋಣಿತಾಟು ಕಟ್ಟಿ ನಿಲ್ಲಿಸುವ ಕೂಗನ್ನು ಅವರು ಕಿವಿಗೊಟ್ಟು ಕೇಳುತ್ತಿದ್ದರು. ಗಂಡು ಲಾವಕ್ಕಿಯನ್ನು ಜನ ಬಯಸಿ ಬಯಸಿ ಸಾಕಿದ ಕಾಲವೂ ಇತ್ತು ಅಂತ ಓದಿದ ದಿನ ಯಾಕೋ ಮೆಟ್ಟಿಲ ಕೆಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದೆ.

ಕಾತ್ರಜ್ ಘಾಟಿನಲ್ಲಿ ಬಿಟ್ಟುಬಿಡಿ, ಹುಲ್ಲುಗಾವಲು ಇದೆ, ಬದುಕಿಕೊಳ್ತಾವೆ ಅಂತ ಇಬ್ಬರು ಸಲಹೆ ಕೊಟ್ಟರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ದಯವಿಟ್ಟು ಹಾಗೆ ಮಾಡಬೇಡಿ. ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿದ ಹಕ್ಕಿ ಅದು. ಬೆಕ್ಕಿಗೂ ಮುಂಗುಸಿಗೂ ಹೆದರಬೇಕು ಅಂತ ಅದಕ್ಕೆ ಗೊತ್ತಿಲ್ಲ. ಎರಡು ದಿನ ಬದುಕಿದರೆ ಹೆಚ್ಚು. ಬದುಕಿಕೊಂಡರೆ ಇನ್ನೊಂದು ತೊಂದರೆ. ಯುರೋಪಿನಲ್ಲಿ ಬೇಟೆಗೆ ಅಂತ ಬಿಟ್ಟ ಸಾಕಿದ ಲಾವಕ್ಕಿಗಳು ಅಲ್ಲಿನ ಕಾಡಿನ ಲಾವಕ್ಕಿಗಳ ಜೊತೆ ಕೂಡಿ ತಳಿಯೇ ಬೆರೆತುಹೋಗುತ್ತಿದೆ. ಅದೇ ಜಾತಿಯ ಕಾಡಿನ ಲಾವಕ್ಕಿ ಚಳಿಗಾಲದಲ್ಲಿ ನಮ್ಮ ಬಯಲಿಗೂ ವಲಸೆ ಬರುತ್ತದೆ.

ಕೊನೆಗೆ ನಾಲ್ಕನ್ನು ಸಾಸವಡದ ಅವರೇ ತೆಗೆದುಕೊಂಡರು, ತಮ್ಮ ಹೆಣ್ಣುಗಳಿಗೆ ಗಂಡು ಬೇಕಿತ್ತಂತೆ. ಶಾಂತವಾದ ನಾಲ್ಕನ್ನೇ ಆರಿಸಿ ಕೊಟ್ಟೆ. ಅವರು ಎರಡು ವಾರ ಬೇರೆ ಇಟ್ಟು ಆಮೇಲೆ ತಮ್ಮ ಹಿಂಡಿಗೆ ಸೇರಿಸಿದರು. ಅದು ನನಗೆ ಹಿಡಿಸಿತು. ನಮ್ಮ ದೇಶದ ಮೊದಲ ಹಕ್ಕಿಜ್ವರ ಕಂಡದ್ದು 2006ರಲ್ಲಿ, ಇದೇ ಮಹಾರಾಷ್ಟ್ರದ ನವಾಪುರದಲ್ಲಿ. ಹಕ್ಕಿ ಕೊಡೋದು ತರೋದು ಮಾಡುವಾಗ ಅದು ನೆನಪಿರಬೇಕು. ಎರಡು ಗಂಡು ಹೆಣ್ಣುಗಳ ಜೊತೆ ಉಳಿದವು, ಬಿಳಿ ಎಡ ಮತ್ತು ಹಸಿರು ಬಲ. ಬೇರೆಯವು ಹೊಡೆದಾಡುತ್ತಿದ್ದಾಗ ಇವೆರಡೂ ಹೆಂಚಿನ ಕೆಳಗೆ ಮಣ್ಣಲ್ಲಿ ಹೊರಳಾಡಿಕೊಂಡು ಇದ್ದವು. ನಾಲ್ಕು ಮೆಟ್ಟಿಲ ಕೆಳಗಿನ ಪಂಜರಕ್ಕೆ.

ಉಳಿದದ್ದು ಐದು. ನೀಲಿ ಬಲ, ಹಳದಿ ಎಡ, ಕೆಂಪು ಜೋಡಿ, ಇನ್ನೆರಡು. ಕತ್ತಲಲ್ಲಿಟ್ಟರೂ ನೀಲಿ ಬಲ ಬದಲಾಗಲಿಲ್ಲ. ಮೂರು ವಾರದ ಮೇಲೆ, ನೊರೆ ನಿಂತ ಮೇಲೂ, ಜೊತೆಗೆ ಹಾಕಿದ ಗಂಡಿನ ಕಣ್ಣಿಗೇ ಕುಕ್ಕಿತು. ಹಾಗಿರುವ ಹಕ್ಕಿಯನ್ನು ಬೇರೆಯವರಿಗೆ ಕೊಡೋದು ಅಂದರೆ ಅವರ ಪಂಜರದಲ್ಲಿ ಇನ್ನೊಂದು ಹೆಣ್ಣಿನ ನೆತ್ತಿ ಕೀಳಿಸೋದು. ಜೀವಮಾನವಿಡೀ ಒಂಟಿಯಾಗಿ ಇಡಬಹುದಿತ್ತು. ಹಿಂಡಿನಲ್ಲಿ ಬದುಕುವ ಹಕ್ಕಿಗೆ ಅದು ಬದುಕು ಅಂತ ನನಗೆ ಅನಿಸಲಿಲ್ಲ.

ನಾವು ಮಾಂಸ ತಿನ್ನುವ ಜನ. ಅಂಗಡಿಯಿಂದ ಕೋಳಿ ತರುವಾಗ ಒಂದು ದಿನವೂ ಯೋಚಿಸಿದವಳಲ್ಲ ನಾನು. ನಮ್ಮ ಹಿತ್ತಲಿನದಕ್ಕೆ ಕೈ ಬರಲಿಲ್ಲ. ಫೆಬ್ರುವರಿಯಲ್ಲಿ ಅವ್ವ ಬಂದಳು. ಬಂದ ದಿನ ಏನೂ ಹೇಳಲಿಲ್ಲ, ಹಕ್ಕಿಗಳನ್ನು ನೋಡುತ್ತಾ ಕೂತಳು. ಮಾರನೇ ದಿನ ಸಂಜೆ "ಬಾ, ಕಲೀ" ಅಂದಳು. ಮಗಳನ್ನು ಒಳಗೆ ಕಳಿಸೋಣವೇ ಅಂದೆ. ಅವಳಿಗೇ ಕೇಳು ಅಂದಳು ಅವ್ವ. ಮಗಳು ಬಾಗಿಲ ಹತ್ತಿರ ನಿಂತಳು, ಹೊರಗೆ ಬರಲಿಲ್ಲ, ಒಳಗೂ ಹೋಗಲಿಲ್ಲ.

ಬೆಳಿಗ್ಗೆಯಿಂದ ಕಾಳು ಹಾಕಿರಲಿಲ್ಲ, ನೀರು ಮಾತ್ರ. ಕತ್ತಲಾದ ಮೇಲೆ ಎತ್ತಿದ್ದರಿಂದ ಅದು ಒದ್ದಾಡಲಿಲ್ಲ. ಅವ್ವ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ರೆಕ್ಕೆ ಸೇರಿಸಿ ಸುತ್ತಿದಳು, ತಲೆ ಮಾತ್ರ ಹೊರಗೆ. ಬೆರಳಿನಿಂದ ಮೂರು ಹನಿ ನೀರು ಕುಡಿಸಿದಳು. ಊರಲ್ಲಿ ಅವಳ ಅತ್ತೆಯೂ ಹಾಗೇ ಕುಡಿಸುತ್ತಿದ್ದಳಂತೆ. "ಚಾಕು ಮಸೀದೇನ ಕೈ ಹಾಕಬಾರ್ದು. ಮನಸು ಎರಡ ಆದ್ರೂ ಹಾಕಬಾರ್ದು. ಒಂದ ಸರ್ತಿಗೆ ಮುಗೀಬೇಕು" ಅಂದಳು. ಒಂದೇ ಸಲಕ್ಕೆ ಮುಗಿಯಿತು. ನಾನು ಸೀರೆಯ ತುಂಡನ್ನು ಹಿಡಿದಿದ್ದೆ. ಒಳಗಿನ ಬಿಸಿ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಆರಿತು. ನೂರೈವತ್ತು ಗ್ರಾಂ ಇರಬಹುದು, ಅಷ್ಟೇ. ಕಾಲಿನ ಉಂಗುರವನ್ನು ನಾನೇ ತೆಗೆದೆ.

ಅವ್ವ ಶೇಂಗಾ, ಒಣಕೊಬ್ಬರಿ, ಬೆಳ್ಳುಳ್ಳಿ ಹುರಿದು ಅರೆದು ಸಾರು ಮಾಡಿದಳು. ಜೊತೆಗೆ ಜೋಳದ ರೊಟ್ಟಿ. ಮಗಳು ತಿನ್ನಲಿಲ್ಲ, ನಾವು ಯಾರೂ ಒತ್ತಾಯ ಮಾಡಲಿಲ್ಲ. ನಾನು ತಿಂದೆ. ತಿನ್ನದೆ ಬಿಟ್ಟಿದ್ದರೆ ಅವತ್ತು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಲಗುವಾಗ ಮಗಳು ಅಜ್ಜಿಯನ್ನು "ಆಯಿ, ಅದು ಕೆಟ್ಟದಿತ್ತಾ?" ಅಂತ ಕೇಳಿದಳು. ಅವ್ವ "ಕೆಟ್ಟದಲ್ಲವ್ವಾ. ಅದಕ್ಕ ಜಾಗ ಸಾಲಲಿಲ್ಲ" ಅಂದಳು. ಉಳಿದ ನಾಲ್ಕನ್ನು ಮುಂದಿನ ಎರಡು ವಾರದಲ್ಲಿ ಮುಗಿಸಿದೆವು. ಕೊನೆಯ ಎರಡಕ್ಕೆ ಚಾಕು ಹಿಡಿದದ್ದು ನಾನು.

ಗಾಯದ ಹೆಣ್ಣು ಬದುಕಿತು. ಮೊದಲು ಒಣ ಹೊಪ್ಪಳೆ ಕಟ್ಟಿತು, ಮೂರನೇ ವಾರಕ್ಕೆ ಅದು ಉದುರಿ ಕೆಳಗೆ ತೆಳ್ಳಗೆ ಗುಲಾಬಿ ಚರ್ಮ ಕಂಡಿತು. ಆಮೇಲೆ ಮುಳ್ಳಿನ ಹಾಗೆ ಪುಕ್ಕದ ಮೊಳಕೆ. ಮತ್ತೆ ಹಿಂಡಿಗೆ ಸೇರಿಸುವಾಗ ಅವಸರ ಮಾಡಲಿಲ್ಲ. ಒಂದು ವಾರ ನಡುವೆ ಜಾಳಿಗೆ ಇಟ್ಟೆ, ಆಮೇಲೆ ಒಂದು ರಾತ್ರಿ ಹೆಂಚು, ಬಟ್ಟಲು ಎಲ್ಲದರ ಜಾಗ ಬದಲಿಸಿ ಒಳಗೆ ಬಿಟ್ಟೆ. ಬೆಳಿಗ್ಗೆ ಆರಕ್ಕೇ ಹೋಗಿ ನೋಡಿದೆ. ಕಾಳಿನ ಹತ್ತಿರ ಇತ್ತು, ಎಲ್ಲದರ ನಡುವೆ. ಬಿಳಿ ಎಡ ಪಕ್ಕದಲ್ಲೇ ತಿನ್ನುತ್ತಿತ್ತು.

ಈಗ ಮತ್ತೆ ಮೊಟ್ಟೆ ಇಟ್ಟಿದ್ದೇವೆ. ಹತ್ತು ಮಾತ್ರ. ಇವತ್ತು ಹದಿಮೂರನೇ ದಿನ, ನಾಡಿದ್ದಿನಿಂದ ಮೊಟ್ಟೆ ತಿರುಗಿಸೋದು ನಿಲ್ಲಿಸಬೇಕು. ರಾತ್ರಿ ಟಾರ್ಚ್ ಹಿಡಿದು ನೋಡಿದೆವು, ಎಂಟರಲ್ಲಿ ಜೀವ ಇದೆ. ಫ್ರಿಜ್ಜಿನ ಮೇಲೆ ಮಗಳು ಒಂದು ಚೀಟಿ ಅಂಟಿಸಿದ್ದಾಳೆ. ಮೆಟ್ಟಿಲ ಕೆಳಗೆ ಒಂದು ಖಾನೆ ಖಾಲಿ ಇದೆ, ಅದರಲ್ಲಿ ನಾಲ್ಕು ಗಂಡಿಗೆ ಜಾಗ. ಐದನೆಯದು ಆದರೆ ಆಯಿಗೆ ಫೋನ್ ಅಂತ ಬರೆದಿದ್ದಾಳೆ.